ಸಿಪಿಯು ಸುಮ್ನೆ ಕೂತಿತ್ತು, ಬಿಲ್ ಮಾತ್ರ ಬರ್ತಿರಲಿಲ್ಲ

ಔಷಧಿ ಹೋಲ್‌ಸೇಲ್ ವ್ಯಾಪಾರಿಗಳಿಗೆ ಪ್ರತಿ ತಿಂಗಳ 11ನೇ ತಾರೀಕು ಅಂದರೆ ಗಡಿಬಿಡಿ. ಹಿಂದಿನ ತಿಂಗಳ ಮಾರಾಟದ ಲೆಕ್ಕ ಅಷ್ಟರೊಳಗೆ ಜಿಎಸ್‌ಟಿಆರ್-1 ಅನ್ನುವ ಜಿಎಸ್‌ಟಿ ರಿಟರ್ನ್‌ನಲ್ಲಿ ಹೋಗಬೇಕು. ಹೋಗದಿದ್ದರೆ ಅವರಿಂದ ಮಾಲು ಕೊಂಡ ಮೆಡಿಕಲ್ ಶಾಪಿನವರಿಗೆ 14ರಂದು ಬರುವ ಪಟ್ಟಿಯಲ್ಲಿ ಆ ಬಿಲ್ ಕಾಣುವುದಿಲ್ಲ. ಆ ತಿಂಗಳ ಇನ್‌ಪುಟ್ ಕ್ರೆಡಿಟ್, ಅಂದರೆ ಮಾಲು ಕೊಳ್ಳುವಾಗ ಕೊಟ್ಟ ತೆರಿಗೆಯ ಕಡಿತ, ಸಿಗುವುದಿಲ್ಲ. ಅವರು ಇವರಿಗೆ ಫೋನ್ ಮಾಡುತ್ತಾರೆ, ಇವರು ನಮಗೆ ಮಾಡುತ್ತಾರೆ. ಯಾಕೆಂದರೆ ಇವರ ಬಿಲ್ಲಿಂಗ್ ಸಾಫ್ಟ್‌ವೇರ್ ನಡೆಸುವವರು ನಾವು. ಬೆಂಗಳೂರಿನಲ್ಲಿ ಸಣ್ಣ ತಂಡ, ಸರ್ವರ್‌ಗಳೆಲ್ಲ ಮುಂಬೈನ ಕ್ಲೌಡ್‌ನಲ್ಲಿ.

2022ರ ಒಂದು ತಿಂಗಳು 8ನೇ ತಾರೀಕಿನಿಂದಲೇ ದೂರು ಶುರುವಾಯಿತು. ಬೆಳಿಗ್ಗೆ ಎಲ್ಲ ಸರಿ. ಹನ್ನೊಂದೂವರೆ ಆಯಿತು ಅಂದರೆ ಒಂದು ಬಿಲ್ ಸೇವ್ ಆಗಲು ಅರ್ಧ ನಿಮಿಷ. ಹುಬ್ಬಳ್ಳಿಯ ಒಬ್ಬ ವ್ಯಾಪಾರಿ ಸಪೋರ್ಟ್‌ನವರಿಗೆ ಹೇಳಿದ ಮಾತು ಆಫೀಸಿನಲ್ಲಿ ಇವತ್ತಿಗೂ ಓಡಾಡುತ್ತದೆ: "ಏನ್ರೀ ಮೇಡಂ, ನಿಮ್ಮ ಸಾಫ್ಟ್‌ವೇರ್ ಮುಂಜಾನಿ ಕುದುರಿ ಇದ್ದಂಗ ಇರ್ತೈತಿ, ಮಧ್ಯಾಹ್ನ ಎಮ್ಮಿ ಆಗ್ತೈತಲ್ರೀ!"

ನಾವು ನಗುವ ಸ್ಥಿತಿಯಲ್ಲಿ ಇರಲಿಲ್ಲ. ಆದರೆ ಆ ದಿನ ನಮಗೆ ಸಿಕ್ಕ ಅತ್ಯಂತ ಸರಿಯಾದ ಸುಳಿವು ಅದೇ ಆಗಿತ್ತು.

ಡ್ಯಾಶ್‌ಬೋರ್ಡ್ ನೋಡಿದರೆ ಡೇಟಾಬೇಸ್ ಸರ್ವರ್‌ನ ಸಿಪಿಯು ಬಳಕೆ ಬರೀ 12 ಪರ್ಸೆಂಟ್. ಎಲ್ಲ ಹಸಿರು. ಸಿಪಿಯು ಖಾಲಿ ಇದೆ ಅಂದ ಮೇಲೆ ಡೇಟಾಬೇಸ್ ಚೆನ್ನಾಗಿದೆ ಅಂತ ಮೀಟಿಂಗ್‌ನಲ್ಲಿ ತೀರ್ಮಾನವಾಯಿತು. ಹಾಗಾದರೆ ಅಪ್ಲಿಕೇಶನ್ ಸರ್ವರ್ ಸಾಲುತ್ತಿಲ್ಲ ಅಂತ ಇನ್ನೊಂದನ್ನು ಸೇರಿಸಿದರು. ನಿಧಾನ ಇನ್ನೂ ಜಾಸ್ತಿ ಆಯಿತು. ಮೊದಲೇ ಸಾಲಿನಲ್ಲಿ ನಿಂತಿದ್ದ ಡೇಟಾಬೇಸ್ ಕನೆಕ್ಷನ್‌ಗಳ ಹಿಂದೆ ಇನ್ನಷ್ಟು ಬಂದು ನಿಂತವು, ಅಷ್ಟೇ. ರಾತ್ರಿ ಡೇಟಾಬೇಸ್ ಸರ್ವರನ್ನೇ ದುಪ್ಪಟ್ಟು ದೊಡ್ಡದು ಮಾಡಿದರು. ಮರುದಿನ ಎಮ್ಮೆ ಒಂದು ಗಂಟೆ ತಡವಾಗಿ ಬಂತು. ಕ್ಲೌಡ್‌ನಲ್ಲಿ ಇದೊಂದು ಚಟ. ಒಂದು ಬಟನ್ ಒತ್ತಿದರೆ ದೊಡ್ಡ ಮಷೀನ್ ಸಿಗುತ್ತದೆ, ಆದ್ದರಿಂದ ಯಾಕೆ ಅಂತ ಕೇಳುವ ಮೊದಲೇ ಒತ್ತುತ್ತೇವೆ.

ಲೋಡ್ ಟೆಸ್ಟ್ ಕೂಡ ಮಾಡಿದೆವು. ಗ್ರಾಹಕರಿಗೆ ತೊಂದರೆ ಆಗಬಾರದು ಅಂತ ರಾತ್ರಿ ಎರಡು ಗಂಟೆಗೆ, ಹಗಲಿನಷ್ಟೇ ಭಾರ ಹಾಕಿ, ಇಪ್ಪತ್ತು ನಿಮಿಷ. ಎಲ್ಲ ಸಲೀಸಾಗಿ ನಡೆಯಿತು. ಈ ಫಲಿತಾಂಶ ನಮ್ಮನ್ನು ಪೂರ್ತಿ ದಾರಿ ತಪ್ಪಿಸಿತು. ಹಾಗಾದರೆ ಮಧ್ಯಾಹ್ನದ ನೆಟ್‌ವರ್ಕ್ ತೊಂದರೆ ಇರಬೇಕು ಅಂತ ಅರ್ಧ ತಂಡ ಆ ಕಡೆ ಹೊರಟಿತು.

10ನೇ ತಾರೀಕು ಮಧ್ಯಾಹ್ನ, ನಿಧಾನ ಇರುವ ಹೊತ್ತಿಗೇ ನಾನು ಮತ್ತು ನಮ್ಮ ಹಿರಿಯ ಇಂಜಿನಿಯರ್ ಸರ್ವರ್ ಒಳಗೆ ಹೋಗಿ ಕೂತೆವು. ಸರ್ವರ್‌ನಲ್ಲಿ ಏನು ನಡೆಯುತ್ತಿದೆ ಅಂತ ತೋರಿಸುವ ಟಾಪ್ ಕಮಾಂಡ್ ಹಾಕಿದರೆ ಲೋಡ್ ಆವರೇಜ್ (ಓಡುತ್ತಿರುವ, ಕಾಯುತ್ತಿರುವ ಕೆಲಸಗಳ ಸರಾಸರಿ) 40ರ ಹತ್ತಿರ. ಸಿಪಿಯು ಖಾಲಿ, ಲೋಡ್ 40! ಲಿನಕ್ಸ್‌ನಲ್ಲಿ ಇದು ವಿಚಿತ್ರವೇನಲ್ಲ. ಡಿಸ್ಕ್‌ನಿಂದ ಉತ್ತರ ಬರಲಿ ಅಂತ ತಡೆದು ನಿಂತ ಪ್ರೊಸೆಸ್‌ಗಳನ್ನೂ ಅದು ಲೋಡ್ ಲೆಕ್ಕಕ್ಕೆ ಸೇರಿಸುತ್ತದೆ. ಐಓ ವೇಟ್, ಅಂದರೆ ಡಿಸ್ಕ್‌ಗಾಗಿ ಸಿಪಿಯು ಸುಮ್ಮನೆ ಕಾದ ಹೊತ್ತು, 70 ಪರ್ಸೆಂಟ್ ದಾಟಿತ್ತು. ಕ್ಲೌಡ್‌ನವರ ಸಿಪಿಯು ಗ್ರಾಫ್ ಹೊರಗಿನಿಂದ ಅಳೆಯುವಂಥದ್ದು, ಅದರಲ್ಲಿ ಈ ಕಾಯುವಿಕೆ ಕಾಣುವುದಿಲ್ಲ. ನಮ್ಮ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ನಲ್ಲಿ ಯಾರು ಏನಕ್ಕೆ ಕಾಯುತ್ತಿದ್ದಾರೆ ಅಂತ ನೋಡಿದರೆ ಸಾಲು ಸಾಲಾಗಿ ಒಂದೇ ಉತ್ತರ: ಡೇಟಾ ಫೈಲ್ ರೀಡ್, ಅಂದರೆ ಡಿಸ್ಕ್‌ನಿಂದ ಓದು.

"ಐಓಸ್ಟ್ಯಾಟ್ ಹಾಕು" ಅಂದರು ಅವರು. ಡಿಸ್ಕ್ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ಕಮಾಂಡ್ ಅದು. ಸಾಮಾನ್ಯವಾಗಿ ಒಂದು ಮಿಲಿಸೆಕೆಂಡ್ ಆಸುಪಾಸಿನಲ್ಲಿ ಮುಗಿಯುವ ಓದು 90 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಅದಕ್ಕಿಂತ ನನ್ನ ಕಣ್ಣು ನಿಂತದ್ದು ಸೆಕೆಂಡಿಗೆ ಎಷ್ಟು ಓದು-ಬರಹ ಅನ್ನುವ ಕಾಲಂ ಮೇಲೆ. 300. ಮತ್ತೆ 300. 299. 300. ಜನ ಬಳಸುವ ಸಿಸ್ಟಂ ಯಾವತ್ತೂ ಅಷ್ಟು ಸಪಾಟಾಗಿ ಇರುವುದಿಲ್ಲ, ಅಲ್ವಾ? ಯಾರೋ ಅಲ್ಲಿ ಮಿತಿ ಹಾಕಿ ಕೂತಿದ್ದಾರೆ ಅಂತ ಆಗ ಹೊಳೆಯಿತು.

ಡಿಸ್ಕ್ 100 ಜಿಬಿಯದ್ದು, ಅಮೆಜಾನ್ ಕ್ಲೌಡ್‌ನ ಜಿಪಿ2 ಅನ್ನುವ ಬಗೆ. ಅದರ ನಿಯಮ ದಾಖಲೆಯಲ್ಲಿ ಸ್ಪಷ್ಟವಾಗಿಯೇ ಇದೆ. ಒಂದು ಜಿಬಿಗೆ ಸೆಕೆಂಡಿಗೆ 3 ಓದು-ಬರಹದ ಹಕ್ಕು. 100 ಜಿಬಿಗೆ 300. ಬಳಸದೆ ಉಳಿದದ್ದು ಕ್ರೆಡಿಟ್ ಆಗಿ ಜಮಾ ಆಗುತ್ತದೆ, ಹೆಚ್ಚೆಂದರೆ 54 ಲಕ್ಷ. ಜಮಾ ಇರುವ ತನಕ ಸೆಕೆಂಡಿಗೆ 3000ದವರೆಗೆ ಓಡಬಹುದು. ಖಾಲಿಯಾದ ತಕ್ಷಣ ಮತ್ತೆ 300.

ಬಿಳಿ ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದೆವು. ವ್ಯಾಪಾರಿಗಳು ಜಿಎಸ್‌ಟಿ ರಿಪೋರ್ಟ್ ತೆಗೆಯುವ ಭರಾಟೆ ಶುರುವಾಗುವುದು ಹತ್ತೂ ಕಾಲಿಗೆ. ಆಗ ಸೆಕೆಂಡಿಗೆ ಸುಮಾರು 1500 ಓದು. ಹಕ್ಕಿನ 300 ಕಳೆದರೆ ಪ್ರತಿ ಸೆಕೆಂಡಿಗೆ 1200 ಕ್ರೆಡಿಟ್ ಖರ್ಚು. 54 ಲಕ್ಷ ಮುಗಿಯಲು 4500 ಸೆಕೆಂಡ್, ಅಂದರೆ 75 ನಿಮಿಷ. ಹನ್ನೊಂದೂವರೆ! ಮತ್ತೆ ತುಂಬಲು ಡಿಸ್ಕ್ ಪೂರ್ತಿ ಸುಮ್ಮನಿದ್ದರೆ 5 ಗಂಟೆ ಸಾಕು. ಸಂಜೆ ಅಂಗಡಿಗಳು ಮುಚ್ಚಿದ ಮೇಲೆ ತುಂಬಿಕೊಂಡು ಬೆಳಿಗ್ಗೆಗೆ ಕುದುರೆ ತಯಾರು. ರಾತ್ರಿ ಎರಡರ ಲೋಡ್ ಟೆಸ್ಟ್ ಪಾಸಾಗಿದ್ದೂ ಇದರಿಂದಲೇ. ಜಮಾ ತುಂಬಿದ್ದಾಗ 3000ದ ವೇಗದಲ್ಲೇ ಓಡಿಸಿದರೂ ಅರ್ಧ ಗಂಟೆಗೂ ಮೇಲೆ ಸಾಲುತ್ತದೆ, ನಾವು ಓಡಿಸಿದ್ದು ಇಪ್ಪತ್ತು ನಿಮಿಷ.

ಉಳಿದ ಕ್ರೆಡಿಟ್ ಎಷ್ಟು ಅಂತ ತೋರಿಸುವ ಗ್ರಾಫ್ ಕ್ಲೌಡ್ ಕನ್ಸೋಲ್‌ನಲ್ಲಿ ಇತ್ತು. ನಮ್ಮ ಡ್ಯಾಶ್‌ಬೋರ್ಡ್‌ಗೆ ಅದನ್ನು ಯಾರೂ ಎಳೆದುಕೊಂಡಿರಲಿಲ್ಲ. ತೆಗೆದು ನೋಡಿದರೆ ಮೂರೂ ದಿನ ಹನ್ನೊಂದೂವರೆ, ಹನ್ನೆರಡೂವರೆ ಹೊತ್ತಿಗೆ ಸೊನ್ನೆ.

ಹಾಗಾದರೆ ಹಿಂದಿನ ವರ್ಷಗಳಲ್ಲಿ ಯಾಕೆ ಆಗಿರಲಿಲ್ಲ? ಡೇಟಾ ಚಿಕ್ಕದಿದ್ದಾಗ ಹೆಚ್ಚುಕಡಿಮೆ ಎಲ್ಲವೂ ಮೆಮರಿಯಲ್ಲೇ ಕೂರುತ್ತಿತ್ತು, ಡಿಸ್ಕ್ ಮುಟ್ಟುವ ಕೆಲಸ ಕಡಿಮೆ. ಈಗ ಡೇಟಾ 70 ಜಿಬಿ ದಾಟಿತ್ತು. ದೊಡ್ಡ ಸರ್ವರ್ ಹಾಕಿದಾಗ ಒಂದು ಗಂಟೆ ತಡವಾಗಿದ್ದೂ ಹೆಚ್ಚಿನ ಮೆಮರಿಯಿಂದಲೇ.

ಆ ಹೊತ್ತಿಗೆ ಮಾಡಬೇಕಾದ್ದು ಸುಲಭವಿತ್ತು. 2020ರ ಡಿಸೆಂಬರ್‌ನಲ್ಲೇ ಜಿಪಿ3 ಬಂದಿತ್ತು. ಅದರಲ್ಲಿ ಡಿಸ್ಕ್ ಎಷ್ಟೇ ಚಿಕ್ಕದಿರಲಿ, ಸೆಕೆಂಡಿಗೆ 3000 ಖಾಯಂ. ಜಮಾ-ಖರ್ಚಿನ ತಲೆನೋವಿಲ್ಲ, ಜಿಬಿ ಲೆಕ್ಕದಲ್ಲಿ ಬೆಲೆಯೂ 20 ಪರ್ಸೆಂಟ್‌ವರೆಗೆ ಕಡಿಮೆ. ಸರ್ವರ್ ನಿಲ್ಲಿಸದೆಯೇ ಬದಲಿಸಬಹುದು. ಬದಲಿಸಿದೆವು. ಸಂಜೆ ಹೊತ್ತಿಗೆ ಬಿಲ್‌ಗಳು ಸರಾಗವಾಗಿ ಸೇವ್ ಆಗುತ್ತಿದ್ದವು. 11ನೇ ತಾರೀಕು ಹೆಚ್ಚಿನ ಫೋನ್ ಬರಲಿಲ್ಲ.

ಆದರೆ ಸೆಕೆಂಡಿಗೆ 1500 ಓದು ಬೇಕಾದದ್ದಾದರೂ ಯಾಕೆ? ನನಗೆ ಕಾಡಿದ ಪ್ರಶ್ನೆ ಇದು. ಜಿಎಸ್‌ಟಿ ರಿಪೋರ್ಟ್‌ನ ಕ್ವೆರಿಯನ್ನು, ಅಂದರೆ ಅದಕ್ಕಾಗಿ ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯನ್ನು, ಅದು ಹೇಗೆ ನಡೆಯುತ್ತದೆ ಅಂತ ತೋರಿಸುವ ಎಕ್ಸ್‌ಪ್ಲೇನ್ ಹಾಕಿ ನೋಡಿದೆ. ಬಿಲ್ ತಾರೀಕನ್ನು 'ತಿಂಗಳು-ವರ್ಷ' ಅಂತ ಅಕ್ಷರಕ್ಕೆ ಬದಲಿಸಿ ಹೋಲಿಸುತ್ತಿತ್ತು. ಹಾಗೆ ಮಾಡಿದರೆ ತಾರೀಕಿನ ಮೇಲೆ ಇರುವ ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಕೆಲಸಕ್ಕೆ ಬರುವುದಿಲ್ಲ. ಒಂದು ತಿಂಗಳ ಬಿಲ್‌ಗಾಗಿ ಎಲ್ಲ ವರ್ಷಗಳ ಬಿಲ್‌ಗಳನ್ನೂ ಡಿಸ್ಕ್‌ನಿಂದ ಓದಿಸುತ್ತಿತ್ತು. ತಿಂಗಳ ಮೊದಲ ದಿನದಿಂದ ಮುಂದಿನ ತಿಂಗಳ ಮೊದಲ ದಿನದೊಳಗೆ ಅಂತ ಷರತ್ತು ಬದಲಿಸಿ, ಅಂಗಡಿಯ ಐಡಿ ಮತ್ತು ತಾರೀಕು ಸೇರಿಸಿ ಒಂದು ಇಂಡೆಕ್ಸ್ ಹಾಕಿದೆವು. ಬಿಲ್ ಬರೆಯುವುದು ನಿಲ್ಲದಂತೆ 'ಕನ್‌ಕರೆಂಟ್ಲಿ' ಹಾಕಿದ್ದರಿಂದ ಇಂಡೆಕ್ಸ್ ಕಟ್ಟಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ 40 ಸೆಕೆಂಡಿನ ರಿಪೋರ್ಟ್ ಒಂದು ಸೆಕೆಂಡಿನೊಳಗೆ ಬಂತು. ಓದುಗಳ ಗ್ರಾಫ್ ನೆಲಕ್ಕೆ ಇಳಿಯಿತು. ಇದು ಮೊದಲೇ ಸರಿ ಇದ್ದಿದ್ದರೆ ಹಳೆಯ ಡಿಸ್ಕ್ ಕೂಡ ಇನ್ನೊಂದಷ್ಟು ಕಾಲ ಓಡುತ್ತಿತ್ತು.

ಮುಂದಿನ ವಾರ ಸರ್ವರನ್ನು ಮತ್ತೆ ಹಳೆಯ ಅಳತೆಗೆ ಇಳಿಸಿ, ಹೊಸದಾಗಿ ಸೇರಿಸಿದ್ದ ಅಪ್ಲಿಕೇಶನ್ ಸರ್ವರ್ ತೆಗೆದೆವು. ಉಳಿದ ಡಿಸ್ಕ್‌ಗಳ ಪಟ್ಟಿ ಮಾಡಿದರೆ ಇನ್ನೂ ಕೆಲವು ಜಿಪಿ2 ಸಿಕ್ಕವು. ಒಂದೊಂದಾಗಿ ಬದಲಿಸಿದೆವು. ಲಾಗ್ ಇಡುವ ಸರ್ವರ್‌ನದನ್ನು ಮಾತ್ರ ಸದ್ಯಕ್ಕೆ ಹಾಗೇ ಬಿಟ್ಟು, ಕ್ರೆಡಿಟ್ 40 ಪರ್ಸೆಂಟ್‌ಗಿಂತ ಇಳಿದರೆ ಅಲಾರಂ ಬರುವಂತೆ ಇಟ್ಟಿದ್ದೇವೆ. ಒಮ್ಮೆ ಅದು ಬಂತು ಕೂಡ, ಭಾನುವಾರ ಬೆಳಗಿನ ಜಾವ. ಯಾರೋ ಹಳೆಯ ಲಾಗ್‌ಗಳಲ್ಲಿ ಹುಡುಕಾಟ ನಡೆಸಿದ್ದರು.