ಕಮಾಂಡ್ ಪ್ರಾಂಪ್ಟ್‌ಗೆ ಒಂದು ಶಾರ್ಟ್‌ಕಟ್

ಕಮಾಂಡ್ ಪ್ರಾಂಪ್ಟ್, ಅಂದರೆ ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸುವ ವಿಂಡೋಸ್‌ನ ಕಿಟಕಿ, ತೆರೆಯುವುದು ಕಷ್ಟವೇನಲ್ಲ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಸಿಎಂಡಿ ಅಂತ ಬರೆದರೆ ಆಯ್ತು. ಬೇಜಾರು ಶುರುವಾಗುವುದು ಆಮೇಲೆ. ಅದು ತೆರೆಯುವುದು ಯೂಸರ್ ಫೋಲ್ಡರ್‌ನಲ್ಲಿ, ನನ್ನ ಫೈಲುಗಳಿರುವುದು ಡಿ ಡ್ರೈವ್‌ನಲ್ಲಿ, ಫೋಲ್ಡರ್ ಒಳಗಿನ ಫೋಲ್ಡರ್‌ನಲ್ಲಿ. ದಿನಾ ಅದೇ ದಾರಿ ಟೈಪ್ ಮಾಡಿ ಸಾಕಾಗಿ, ಒಂದು ಭಾನುವಾರ ಡೆಸ್ಕ್‌ಟಾಪ್ ಮೇಲೆ ಶಾರ್ಟ್‌ಕಟ್ ಮಾಡಲು ಕೂತೆ.

ಮೊದಲರ್ಧ ಸಲೀಸು. ರೈಟ್ ಕ್ಲಿಕ್, ನ್ಯೂ, ಶಾರ್ಟ್‌ಕಟ್, ಸಿಎಂಡಿ ಡಾಟ್ ಇಎಕ್ಸ್‌ಇ. ಪ್ರಾಪರ್ಟೀಸ್‌ನಲ್ಲಿ 'ಸ್ಟಾರ್ಟ್ ಇನ್' ಅಂತ ಒಂದು ಜಾಗವಿದೆ. ಅಲ್ಲಿ ಫೋಲ್ಡರ್ ವಿಳಾಸ ಹಾಕಿದೆ. ಡಬಲ್ ಕ್ಲಿಕ್ ಮಾಡಿದರೆ ನೇರ ಅಲ್ಲಿಗೇ ಹೋಯಿತು.

ಆದರೆ ನನ್ನ ಕೆಲವು ಕೆಲಸಗಳಿಗೆ ಅಡ್ಮಿನ್ ಅನುಮತಿ ಬೇಕು. 'ಅಡ್ವಾನ್ಸ್ಡ್' ಒತ್ತಿ, 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಮುಂದೆ ಟಿಕ್ ಹಾಕಿದೆ. ಮತ್ತೆ ತೆರೆದರೆ ಎದುರಿಗೆ ವಿಂಡೋಸ್‌ನ ಸಿಸ್ಟಂ32 ಫೋಲ್ಡರ್! ನಾನು ಕೊಟ್ಟ ವಿಳಾಸ ಇದ್ದಲ್ಲೇ ಇತ್ತು. ಅಡ್ಮಿನ್ ಆಗಿ ತೆರೆದಾಗ ವಿಂಡೋಸ್ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಹಾಗಿದ್ದರೆ ಆ ಜಾಗವನ್ನು ಖಾಲಿ ತೋರಿಸಬಹುದಿತ್ತು, ಅಲ್ವಾ? ಅಡ್ಮಿನ್ ಅಧಿಕಾರದ ಜೊತೆ ವಿಂಡೋಸ್‌ನ ಸ್ವಂತ ಫೈಲುಗಳಿರುವ ಫೋಲ್ಡರ್‌ನಲ್ಲಿ ಕೂರುವುದು ನನಗಂತೂ ಇಷ್ಟವಿಲ್ಲ. ಒಂದು ಡಿಲೀಟ್ ಕಮಾಂಡ್ ಆಚೀಚೆ ಆದರೆ ಸಾಕು.

ದಾರಿ ಸಿಕ್ಕಿದ್ದು 'ಟಾರ್ಗೆಟ್' ಜಾಗದಲ್ಲಿ. ಸಿಎಂಡಿ ಡಾಟ್ ಇಎಕ್ಸ್‌ಇ ಮುಂದೆ ಸ್ಲ್ಯಾಶ್ ಕೆ, ಆಮೇಲೆ ಸಿಡಿ (ಫೋಲ್ಡರ್ ಬದಲಿಸುವ ಕಮಾಂಡ್) ಸ್ಲ್ಯಾಶ್ ಡಿ, ಕೊನೆಗೆ ಫೋಲ್ಡರ್ ವಿಳಾಸ. ಸ್ಲ್ಯಾಶ್ ಕೆ ಅಂದರೆ ಕಮಾಂಡ್ ಓಡಿಸಿ ಕಿಟಕಿಯನ್ನು ತೆರೆದೇ ಇಡು ಅಂತ. ಸ್ಲ್ಯಾಶ್ ಸಿ ಹಾಕಿದರೆ ಕೆಲಸ ಮುಗಿಸಿ ಮುಚ್ಚಿಕೊಳ್ಳುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಸ್ಲ್ಯಾಶ್ ಡಿ ಕೂಡ ಬಿಡುವ ಹಾಗಿಲ್ಲ. ಬರೀ ಸಿಡಿ ಒಂದು ಡ್ರೈವ್‌ನಿಂದ ಇನ್ನೊಂದಕ್ಕೆ ದಾಟುವುದಿಲ್ಲ.

'ಶಾರ್ಟ್‌ಕಟ್ ಕೀ' ಜಾಗದಲ್ಲಿ ಟಿ ಒತ್ತಿದೆ. ಕಂಟ್ರೋಲ್, ಆಲ್ಟ್ ತಾನಾಗಿ ಸೇರಿಕೊಂಡವು. ಉಬುಂಟು ಅನ್ನುವ ಲಿನಕ್ಸ್‌ನಲ್ಲೂ ಟರ್ಮಿನಲ್‌ಗೆ, ಅಂದರೆ ಅಲ್ಲಿನ ಕಮಾಂಡ್ ಕಿಟಕಿಗೆ, ಇದೇ ಕೀ, ಬೆರಳಿಗೆ ಮೊದಲೇ ಅಭ್ಯಾಸವಿತ್ತು. ಒಂದು ಮಾತು: ಶಾರ್ಟ್‌ಕಟ್ ಫೈಲು ಡೆಸ್ಕ್‌ಟಾಪ್ ಮೇಲೋ ಸ್ಟಾರ್ಟ್ ಮೆನುವಿನಲ್ಲೋ ಇದ್ದರಷ್ಟೇ ಈ ಕೀ ನಂಬಿಕೆಗೆ ಅರ್ಹ. ಬೇರೆ ಫೋಲ್ಡರ್‌ಗೆ ಸರಿಸಿದರೆ ಕೈಕೊಡುತ್ತದೆ.

ಎರಡು ದಿನ ಬಳಸಿದ ಮೇಲೆ ಶಾರ್ಟ್‌ಕಟ್ ಎರಡಾಯಿತು. ಸದಾ ಅಡ್ಮಿನ್ ಆಗಿರುವ ಅಗತ್ಯ ಯಾರಿಗಿದೆ? ಕೀ ಇರುವುದು ಸಾಮಾನ್ಯ ಕಿಟಕಿಗೆ ಮಾತ್ರ. ಅಡ್ಮಿನ್ ಶಾರ್ಟ್‌ಕಟ್‌ನ ಟಾರ್ಗೆಟ್‌ಗೆ ಕಲರ್ 4ಎಫ್ ಅನ್ನುವ ಕಮಾಂಡನ್ನೂ ಸೇರಿಸಿದ್ದೇನೆ. ಅದು ತೆರೆದರೆ ಹಿನ್ನೆಲೆ ಕೆಂಪು, ಅಕ್ಷರ ಬಿಳಿ. ಯಾವ ಕಿಟಕಿಯಲ್ಲಿದ್ದೇನೆ ಅಂತ ಟೈಟಲ್ ಓದಿ ನೋಡಬೇಕಿಲ್ಲ.