ಮೇಲ್‌ಘಾಟ್‌ನ ಹಗಲು ಗೂಬೆ

"ಗೂಬೆ ನೋಡೋಕೆ ಬೆಳಗ್ಗೆ ಎಂಟು ಗಂಟೆಗೆ ಹೊರಡೋದಾ?" ಅಂತ ಕೇಳಿದೆ. ಗೈಡ್ ನಕ್ಕ. "ಇದು ಹಗಲಿನ ಹಕ್ಕಿ ಸರ್. ಬಿಸಿಲು ಏರಲಿ." ಮಹಾರಾಷ್ಟ್ರದ ಮೇಲ್‌ಘಾಟ್ ಹುಲಿ ಕಾಡಿನ ಸೆಮಾಡೋಹ್ ಕಡೆಯ ಕೊರ್ಕೂ ಬುಡಕಟ್ಟಿನ ಹುಡುಗ. ಇಲ್ಲಿನ ಕಾಡು ಅವನಿಗೆ ಹಿತ್ತಲಿದ್ದಂತೆ.

ಹಿಂದಿನ ದಿನ ಪರತವಾಡಾ ದಾಟಿ ಘಟ್ಟ ಹತ್ತುವಾಗಲೇ ನನಗೆ ನಿರಾಸೆಯಾಗಿತ್ತು. ಫೆಬ್ರವರಿ ಕೊನೆ. ಕಣ್ಣು ಹಾಯಿಸಿದಷ್ಟೂ ಬೋಳು ತೇಗ. ಕಾಲಿಟ್ಟಲ್ಲೆಲ್ಲ ಹಪ್ಪಳ ಮುರಿದ ಸದ್ದು. ಇದೂ ಒಂದು ಕಾಡಾ ಅನ್ನಿಸಿತ್ತು. ಆದರೆ ನಾನು ನೋಡಬಂದ ಪುಟ್ಟ ಗೂಬೆ ಫಾರೆಸ್ಟ್ ಔಲೆಟ್‌ಗೆ ಬೇಕಾದದ್ದು ಇಂಥ ಒಣ, ತೆರೆದ ಕಾಡೇ. ಮರಾಠಿಯಲ್ಲಿ ಇದು ರಾನ್ ಪಿಂಗಳಾ.

ಇದರ ಕಥೆಯೇ ವಿಚಿತ್ರ. 1884ರ ನಂತರ ಯಾರಿಗೂ ಸಿಕ್ಕಿರಲಿಲ್ಲ. 1914ರಲ್ಲಿ ಹಿಡಿದೆ ಅಂತ ಬ್ರಿಟಿಷ್ ಅಧಿಕಾರಿ ಮೈನರ್ಟ್‌ಝಾಗನ್ ಹೇಳಿಕೊಂಡಿದ್ದ. ಅದು ಮ್ಯೂಸಿಯಂನಿಂದ ಕದ್ದ ಹಳೇ ಹಕ್ಕಿಗೆ ಹೊಸ ಚೀಟಿ ಅಂಟಿಸಿದ್ದು ಅಂತ ಆಮೇಲೆ ಬಯಲಾಯಿತು. ಆ ಸುಳ್ಳು ದಾಖಲೆಯನ್ನು ಬದಿಗಿಟ್ಟು ಹುಡುಕಿದ ಅಮೆರಿಕದ ಪಕ್ಷಿತಜ್ಞೆ ಪಮೇಲಾ ರಾಸ್ಮುಸೆನ್ ತಂಡಕ್ಕೆ 1997ರ ನವೆಂಬರ್ 25ರಂದು, ಇದೇ ಸಾತ್ಪುಡಾ ಬೆಟ್ಟದ ಬುಡದಲ್ಲಿ, ಶಹಾದಾ ಹತ್ತಿರ ಹಕ್ಕಿ ಕಂಡಿತು. 113 ವರ್ಷದ ಮೇಲೆ!

"ಅಗೋ!" ಅಂತ ನಾನೇ ಮೊದಲು ಕೂಗಿದೆ. ಗೈಡ್ ತಲೆ ಅಲ್ಲಾಡಿಸಿದ. ತಲೆ ತುಂಬ ಬಿಳಿ ಚುಕ್ಕೆ. ಅದು ಮಾಮೂಲಿ ಹಾಲಕ್ಕಿ, ಬುಡುಬುಡಿಕೆಯವರು ಶಕುನ ಹೇಳಿಸುವ ಹಕ್ಕಿ. ಮರ್ಯಾದೆ ಹೋಯ್ತು.

ಫೋನ್‌ನಲ್ಲಿ ಫಾರೆಸ್ಟ್ ಔಲೆಟ್‌ನ ಕೂಗು ಹಾಕಿ ಕರೆಯೋಣವೇ ಅಂದೆ. ಅವನು ಒಪ್ಪಲಿಲ್ಲ. "ಇದು ಮೊಟ್ಟೆ, ಮರಿಯ ಕಾಲ. ಸುಮ್ನೆ ಕಾಯೋಣ."

ಒಂಬತ್ತೂವರೆ ಹೊತ್ತಿಗೆ ಬೋಳು ಕೊಂಬೆಯ ಮೇಲೆ, ಬಿಸಿಲಿಗೆ ಎದೆಯೊಡ್ಡಿ ಕೂತಿತ್ತು. ಗಿಡ್ಡ ಮೈ, ಚುಕ್ಕೆಯೇ ಇಲ್ಲದಂಥ ಬೂದು ತಲೆ, ದಪ್ಪ ಬಿಳಿ ಪೈಜಾಮ ತೊಟ್ಟಂಥ ಕಾಲು. ಬಾಲವನ್ನು ಅತ್ತಿತ್ತ ಕುಣಿಸುತ್ತ ನೆಲವನ್ನೇ ದಿಟ್ಟಿಸುತ್ತಿತ್ತು. ಹಲ್ಲಿ, ಹಾವುರಾಣಿ, ಇಲಿ ಏನಾದರೂ ಅಲುಗಾಡಬೇಕಷ್ಟೇ. ಕಾಡು ಯಾಕೆ ತೆರೆದಿರಬೇಕು ಅಂತ ಆಗ ಅರ್ಥವಾಯಿತು.

ಗೈಡ್ ಮಾತ್ರ ಹಕ್ಕಿಯನ್ನು ನೋಡುತ್ತಿರಲಿಲ್ಲ. ಪಕ್ಕದ ಅರೆಸತ್ತ ಮರದ ಪೊಟರೆ ತೋರಿಸಿದ. ಈ ಗೂಬೆ ತಾನೇ ಪೊಟರೆ ಕೊರೆಯುವುದಿಲ್ಲ. ಹಳೆಯ ಮರದಲ್ಲಿ ಮೊದಲೇ ಇದ್ದದ್ದು ಸಿಗಬೇಕು. ಮರ ಕಡಿಯುವವರ ಕಣ್ಣಿಗೆ ಬೀಳೋದೂ ಅಂಥ ಮರವೇ. ಒಣಗಿದೆ, ಸೌದೆಗಾಯ್ತು, ಅಲ್ವಾ? ಮೇಲಿಂದ ಕಾಡ್ಗಿಚ್ಚು, ಹೊಲಕ್ಕಾಗಿ ಒತ್ತುವರಿ, ಮಾಟಕ್ಕಾಗಿ ಗೂಬೆ ಹಿಡಿಯುವ ಹುಚ್ಚು. ಜಗತ್ತಿನಲ್ಲಿ ಬೆಳೆದ ಹಕ್ಕಿಗಳು ಸಾವಿರದೊಳಗೇ ಇವೆ ಎಂಬ ಅಂದಾಜಿದೆ. ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲ. ಹುಲಿಗಾಗಿ ಕಾಪಾಡಿದ ಮೇಲ್‌ಘಾಟ್‌ನಲ್ಲಿ ಇದಕ್ಕೂ ಜಾಗ ಉಳಿದಿರುವುದು ಅದೃಷ್ಟ. ಆದರೆ ರಕ್ಷಿತ ಗಡಿಯ ಹೊರಗಿನ ಕಾಡಲ್ಲೂ ಇದು ಗೂಡು ಕಟ್ಟುತ್ತದೆ. ಅಲ್ಲಿ ಮರ ಕಾಯೋರು ಯಾರು?

ರಾತ್ರಿ ಕ್ಯಾಮೆರಾ ತೆಗೆದು ನೋಡಿದೆ. ಹಕ್ಕಿಯದು ಅರವತ್ತು ಫೋಟೊ. ಆ ಮರದ್ದು ಒಂದೂ ಇರಲಿಲ್ಲ.