ಕೂತ್‌ನ ಸಿಪಾಯಿ ಮತ್ತು ಅವನ ಬೂಟು

1916ರ ಏಪ್ರಿಲ್ 29. ಮೊದಲ ಮಹಾಯುದ್ಧದ ಕಾಲ. ಈಗಿನ ಇರಾಕಿನ ಕೂತ್ ಊರಿನೊಳಗೆ ತುರ್ಕರ ಮುತ್ತಿಗೆಗೆ ಸಿಲುಕಿದ್ದ ಬ್ರಿಟಿಷ್ ಭಾರತೀಯ ಸೈನ್ಯದ ಸಿಪಾಯಿಗಳಿಗೆ ಅಂದು ಸಿಕ್ಕ ಕೊನೆಯ ಕೆಲಸವೆಂದರೆ ತಮ್ಮ ಆಯುಧಗಳನ್ನು ತಾವೇ ಹಾಳುಮಾಡುವುದು. ತೋಪುಗಳನ್ನು ಸಿಡಿಸಿದರು, ರೈಫಲ್ಲಿನ ಬೋಲ್ಟ್ ಕಿತ್ತು ಟೈಗ್ರಿಸ್ ನದಿಗೆ ಎಸೆದರು. 147 ದಿನಗಳ ಮುತ್ತಿಗೆ ಮುಗಿಯಿತು. ಕ್ಯಾಂಪಿನ ಕೆಲಸಗಾರರೂ ಸೇರಿ ಸುಮಾರು 13,000 ಜನ ತುರ್ಕರ ಕೈಸೆರೆಯಾದರು. ಅವರಲ್ಲಿ ಮುಕ್ಕಾಲು ಪಾಲು ಭಾರತೀಯರು. 103, 110 ಮತ್ತು 117ನೇ ಮರಾಠಾ ಪಲ್ಟನ್ನುಗಳೂ ಅಲ್ಲಿದ್ದವು. ಇಂದು ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಪೂರ್ವಜರು ಇವರೇ.

ಸೆರೆಯಲ್ಲಿ ಸತ್ತವರ ಲೆಕ್ಕ ಕೇಳಿದಾಗ ಎಲ್ಲರೂ ಕಾವಲುಗಾರರ ಕ್ರೌರ್ಯಕ್ಕೆ ಬೊಟ್ಟು ಮಾಡುತ್ತಾರೆ. ಕ್ರೌರ್ಯ ಇತ್ತು, ಸುಳ್ಳಲ್ಲ. ಆದರೆ ಆ ಸಿಪಾಯಿಯ ಹಣೆಬರಹ ಬರೆದದ್ದು ಅದಕ್ಕೂ ಮೊದಲು, ಕೂತ್‌ನ ಹಿಟ್ಟಿನ ಮೂಟೆಯ ಮೇಲೆ. ಊರಿನ ಮನೆಗಳಲ್ಲಿ ಬಚ್ಚಿಟ್ಟಿದ್ದ ಧಾನ್ಯವನ್ನು ಒಳಗಿದ್ದ ಸೈನ್ಯದ ಸೇನಾಪತಿ ಜನರಲ್ ಟೌನ್‌ಶೆಂಡ್ ಹುಡುಕಿಸಿದ್ದೇ ಜನವರಿಯಲ್ಲಿ. ಅಷ್ಟರಲ್ಲಿ "ಆಹಾರ ಮುಗಿಯುತ್ತಿದೆ" ಎಂಬ ಅವನ ತಂತಿ ನಂಬಿ, ಬಿಡಿಸಲು ಬಂದ ಸೈನ್ಯ ತಯಾರಿಲ್ಲದೆ ಮುನ್ನುಗ್ಗಿ ಪೆಟ್ಟು ತಿಂದಿತ್ತು. ಆ ಪ್ರಯತ್ನಗಳಲ್ಲಿ ಸತ್ತು ಗಾಯಗೊಂಡವರು ಒಟ್ಟು ಸುಮಾರು 23,000; ಒಳಗಿದ್ದವರಿಗಿಂತಲೂ ಹೆಚ್ಚು!

ಏಪ್ರಿಲ್ ಕೊನೆಗೆ ತಲೆಗೆ ದಿನಕ್ಕೆ ನಾಲ್ಕು ಔನ್ಸ್ ಹಿಟ್ಟು, ಅಂದರೆ ಸುಮಾರು 113 ಗ್ರಾಂ. ನಮ್ಮ ಲೆಕ್ಕದಲ್ಲಿ ಒಂದೂವರೆ ಜೋಳದ ರೊಟ್ಟಿ. ಕುದುರೆ, ಹೇಸರಗತ್ತೆಗಳನ್ನು ಕಡಿದು ಮಾಂಸ ಹಂಚುತ್ತಿದ್ದರೂ ಹಿಂದೂ, ಮುಸ್ಲಿಂ ಸಿಪಾಯಿಗಳು ಬಹುಪಾಲು ಏಪ್ರಿಲ್‌ವರೆಗೂ ಮುಟ್ಟಲಿಲ್ಲ. ಮಾಂಸವಿಲ್ಲ, ತರಕಾರಿಯಿಲ್ಲ, ಒಸಡು ಊದಿ ರಕ್ತ ಸೋರುವ ಸ್ಕರ್ವಿ ಹಿಡಿಯಿತು. ಬಯಲಿನಲ್ಲಿ ಸಿಕ್ಕ ಸೊಪ್ಪು ಬೇಯಿಸಿ ತಿಂದರೆ ಅದರಲ್ಲಿ ವಿಷದ ಗಿಡವೂ ಸೇರಿಕೊಳ್ಳುತ್ತಿತ್ತು. ಬಿಳಿ ಹಿಟ್ಟಿನ ಬ್ರೆಡ್ ತಿನ್ನುತ್ತಿದ್ದ ಬ್ರಿಟಿಷ್ ಸೈನಿಕರಿಗೆ ಬೇರೆಯದೇ ಕಾಯಿಲೆ, ಹೊಟ್ಟು ತೆಗೆದ ಹಿಟ್ಟಿನಲ್ಲಿ ಬಿ1 ಜೀವಸತ್ವ ಸಾಲದೆ ಬರುವ ಬೆರಿಬೆರಿ. ಮೈದಾ ಮುಗಿದು ಅವರೂ ಬಾರ್ಲಿ, ಆಟಾ ತಿನ್ನತೊಡಗಿದಾಗ ಅದು ತಾನಾಗಿ ಇಳಿಯಿತು. ಮುತ್ತಿಗೆಯಲ್ಲಿ ಯಾರೂ ಬಯಸದೆ ನಡೆದ ಪ್ರಯೋಗ ಅದು.

ವಿಮಾನದಿಂದ ಮೂಟೆ ಹಾಕಿದರು. ಯುದ್ಧದ ಚರಿತ್ರೆಯಲ್ಲೇ ಅಂಥ ಮೊದಲ ಪ್ರಯತ್ನಗಳಲ್ಲಿ ಒಂದು. ಎರಡು ವಾರದಲ್ಲಿ ಒಳಗೆ ಬಿದ್ದದ್ದು ಏಳೆಂಟು ಟನ್. ಕೆಲವು ಮೂಟೆಗಳು ನದಿಗೂ ತುರ್ಕರ ಕಂದಕಕ್ಕೂ ಹೋದವು. ನಾಲ್ಕು ಔನ್ಸಿನ ಲೆಕ್ಕದಲ್ಲೂ 13,000 ಜನಕ್ಕೆ ದಿನಕ್ಕೆ ಒಂದೂವರೆ ಟನ್ ಬೇಕು, ಹಾಗಾಗಿ ಬಿದ್ದದ್ದೆಲ್ಲ ಐದು ದಿನದ ಊಟ. 270 ಟನ್ ಹೊತ್ತ ಜುಲ್ನಾರ್ ಎಂಬ ಹಡಗು ಏಪ್ರಿಲ್ 24ರ ರಾತ್ರಿ ನದಿಯಲ್ಲಿ ಬಂದು, ಕೂತ್‌ಗೆ ಇನ್ನು ಕೆಲವೇ ಮೈಲಿ ಇರುವಾಗ ಶತ್ರುಗಳ ಪಾಲಾಯಿತು.

ಶರಣಾದ ಮೇಲೆ ನದಿಯ ಮೇಲ್ಗಡೆ ಸುಮಾರು 14 ಕಿಲೋಮೀಟರ್ ದೂರದ ಶುಮ್ರಾನ್‌ಗೆ ಸಾಗಿಸಿದರು. ಅಲ್ಲಿ ಸಿಕ್ಕಿದ್ದು ತುರ್ಕಿ ಸೈನ್ಯದ ಬಿಸ್ಕತ್ತು: ದಪ್ಪ, ಕಂದು, ಕಲ್ಲಿನಷ್ಟು ಗಟ್ಟಿ, ಒಳಗೆ ಹೊಟ್ಟು, ನಾರು. ಪುಡಿಮಾಡಿ, ನೀರಲ್ಲಿ ನೆನೆಸಿ, ಕುದಿಸಿ ಗಂಜಿಯಂತೆ ಕುಡಿದಿದ್ದರೆ ಹೊಟ್ಟೆ ತಡೆಯುತ್ತಿತ್ತೇನೋ. ತಿಂಗಳುಗಟ್ಟಲೆ ಹಸಿದವನಿಗೆ ಅಷ್ಟು ತಾಳ್ಮೆ ಎಲ್ಲಿಂದ? ಹಾಗೇ ಕಡಿದು ನುಂಗಿದರು. ಸೊರಗಿದ ಕರುಳಿಗೆ ಅದು ದಕ್ಕಲಿಲ್ಲ. ವಾಂತಿ, ಭೇದಿ ಕಾಲರಾದಂತೆ ಹತ್ತಿತು, ಮೊದಲ ವಾರದಲ್ಲೇ ಹೆಣಗಳು ಬಿದ್ದವು.

ಬಿಸ್ಕತ್ತು ಹಾಗೇ ನುಂಗಿದ್ದು ಮೊದಲ ತಪ್ಪಾದರೆ, ಎರಡನೆಯದು ಬೂಟು ಮಾರಿದ್ದು. ಕೆಲವರ ಬೂಟು ಕಾವಲಿನವರು ಕಿತ್ತುಕೊಂಡರು. ಉಳಿದವರು ಒಂದು ರೊಟ್ಟಿಗೋ ಹಿಡಿ ಖರ್ಜೂರಕ್ಕೋ ತಾವೇ ಕೊಟ್ಟರು. ಆ ಕ್ಷಣಕ್ಕೆ ಅದು ಸರಿಯೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಮೇ ಬಿಸಿಲಿನ ಮೆಸೊಪೊಟೇಮಿಯದ ನೆಲದಲ್ಲಿ ಪಟ್ಟಿಬಟ್ಟೆ ಸುತ್ತಿದ ಕಾಲು ಎಷ್ಟು ದಿನ ಬಾಳೀತು? ಪಾದ ಬಿರಿದು ಕೀವಾದವನು ಹಿಂದೆ ಬೀಳುತ್ತಾನೆ. ಹಿಂದೆ ಬಿದ್ದವನನ್ನು ಕಾವಲುಗಾರ ಹೊಡೆಯುತ್ತಾನೆ, ಇಲ್ಲವೇ ದಾರಿಯಲ್ಲಿ ಕಾದಿದ್ದವರು ದೋಚುತ್ತಾರೆ. ನೀರಿನ ಬಾಟಲಿ ಕಳೆದುಕೊಂಡವನ ಪಾಡೂ ಅದೇ. ಭೇದಿ ಹಿಡಿದವನಿಗೆ ಎರಡು ಬಾವಿಗಳ ನಡುವಿನ ದೂರವೇ ಸಾವಿನ ಅಳತೆ.

ಬಾಗ್ದಾದಿನ ತನಕ ಸುಮಾರು 160 ಕಿಲೋಮೀಟರ್. ಅಲ್ಲಿಂದ ಸಮಾರ್ರಾಕ್ಕೆ ರೈಲು. ಮತ್ತೆ ತಿಕ್ರಿತ್, ಮೊಸುಲ್, ನಿಸಿಬಿನ್ ದಾಟಿ ಈಗಿನ ಸಿರಿಯಾದ ರಾಸ್ ಅಲ್ ಐನ್‌ವರೆಗೆ ಕಾಲ್ನಡಿಗೆ. ಅಧಿಕಾರಿಗಳನ್ನು ಮೊದಲೇ ಬೇರ್ಪಡಿಸಿದ್ದರಿಂದ ಸೆರೆಯಾಳುಗಳ ಈ ಸಾಲುಗಳಿಗೆ ಹೇಳುವವರು ಕೇಳುವವರು ಇರಲಿಲ್ಲ. ಟೌನ್‌ಶೆಂಡ್ ಮಾತ್ರ ಇಸ್ತಾಂಬುಲ್ ಬಳಿಯ ದ್ವೀಪವೊಂದರಲ್ಲಿ ಆರಾಮಾಗಿದ್ದ. ರಾಸ್ ಅಲ್ ಐನ್ ತಲುಪಿದ ಭಾರತೀಯರಲ್ಲಿ ಬಹಳ ಜನ ಬಾಗ್ದಾದ್ ರೈಲುಮಾರ್ಗಕ್ಕೆ ಮಣ್ಣು ಹೊತ್ತರು, ಹಳಿ ಹಾಕಿದರು. 1918ರ ಅಕ್ಟೋಬರ್ 30ರಂದು ತುರ್ಕರೊಂದಿಗೆ ಆದ ಮುದ್ರೋಸ್ ಕದನವಿರಾಮದವರೆಗೂ ಅದೇ ಕೆಲಸ.

ಸೆರೆಸಿಕ್ಕ ಬ್ರಿಟಿಷ್ ಸಾಮಾನ್ಯ ಸೈನಿಕರಲ್ಲಿ ನೂರಕ್ಕೆ ಸುಮಾರು 70 ಮಂದಿ ಸತ್ತರು. ಭಾರತೀಯರಲ್ಲಿ ಪ್ರಮಾಣ ಕಡಿಮೆ ಎನ್ನುತ್ತಾರೆ. ಆದರೆ ಸತ್ತವರೆಂದು ಬರೆದುಕೊಂಡ ಹೆಸರುಗಳ ಹೊರಗೆ ಇನ್ನೂ ಸಾವಿರಕ್ಕೂ ಹೆಚ್ಚು ಮಂದಿ "ಪತ್ತೆಯಿಲ್ಲ" ಎಂಬ ಪಟ್ಟಿಯಲ್ಲೇ ಉಳಿದುಹೋದರು.